ಕೊಂಬಿಗಿಂತ ಮೊದಲು ಲೆಕ್ಕ ಕಲಿಯಲಿ

ನಾವಿರುವ ವಿಸ್ಕಾನ್ಸಿನ್ ರಾಜ್ಯದಲ್ಲಿ ಅಕ್ಟೋಬರ್ ತಿಂಗಳ ಒಂದು ಶನಿವಾರ ಮತ್ತು ಭಾನುವಾರವನ್ನು 15 ವರ್ಷ ಮೀರದ ಮಕ್ಕಳ ಜಿಂಕೆ ಬೇಟೆಗೆಂದೇ ಮೀಸಲಿಡಲಾಗಿದೆ. ಹದಿಮೂರು ತುಂಬಿದ ನನ್ನ ಮಗ ಹೋದ ಸಲ ಮೊದಲ ಬಾರಿಗೆ ಅದರಲ್ಲಿ ಪಾಲ್ಗೊಂಡ. ರಾಣೆಬೆನ್ನೂರಿನ ಸಮೀಪದ ನಮ್ಮೂರಿಗೆ ಫೋನ್ ಮಾಡಿ ಹೇಳಿದಾಗ ಅವ್ವ ತುಸು ಹೊತ್ತು ಸುಮ್ಮನಿದ್ದು, "ಜಿಂಕಿ ಹೊಡ್ಯಾಕ ಹುಡುಗನ್ನ ಕಳಸ್ತಿಯೇನೋ?" ಎಂದಳು. ಗೋವಿನಜೋಳ ಮೊಳಕೆಯೊಡೆಯುವ ದಿನಗಳಲ್ಲಿ ಕೃಷ್ಣಮೃಗಗಳ ಹಿಂಡು ಹೊಲಕ್ಕೆ ಇಳಿಯದಂತೆ ಡಬ್ಬಿ ಬಡಿಯುತ್ತ ರಾತ್ರಿ ಕಳೆದವಳು ಅವಳೇ. ಆದರೂ ಆ ಪ್ರಾಣಿಯನ್ನು ಕೊಲ್ಲುವ ಮಾತು ಅವಳ ಬಾಯಲ್ಲಿ ಎಂದೂ ಬಂದಿಲ್ಲ. 1972ರ ವನ್ಯಜೀವಿ ಕಾಯ್ದೆ ಅಲ್ಲಿ ಬೇಟೆಯನ್ನು ನಿಷೇಧಿಸಿರುವುದು ಸರಿಯೆಂದೇ ನಾನೂ ನಂಬಿದ್ದೇನೆ. ಇಲ್ಲಿಯ ಪರಿಸ್ಥಿತಿ ಬೇರೆ ಎಂಬುದನ್ನು ಅವಳಿಗೆ ಫೋನಿನಲ್ಲಿ ತಿಳಿಸಿ ಹೇಳಲಾಗಲಿಲ್ಲ. ಅದಕ್ಕೇ ಈ ಬರಹ.

ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಮಾರಾಟಕ್ಕಾಗಿ ನಡೆದ ಬೇಟೆಯಿಂದ ಅಮೆರಿಕದ ಬಿಳಿಬಾಲದ ಜಿಂಕೆಗಳು ಬಹುಪಾಲು ಕಡೆಗಳಲ್ಲಿ ಅಳಿವಿನಂಚಿಗೆ ಬಂದಿದ್ದವು. ಕಾನೂನಿನ ರಕ್ಷಣೆ ಸಿಕ್ಕಿತು, ತೋಳಗಳು ಇಲ್ಲವಾದವು, ಕಾಡಿನಂಚಿನವರೆಗೂ ಜೋಳ, ಸೋಯಾ ಹೊಲಗಳು ಬಂದವು. ಸಂಖ್ಯೆ ಎಷ್ಟು ಏರಿತೆಂದರೆ ಇಂದು ಈ ಒಂದು ರಾಜ್ಯದಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜಿಂಕೆಗಳಿವೆ. ಮೇವು ಚೆನ್ನಾಗಿ ಸಿಕ್ಕ ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಎರಡು ಮರಿ ಹಾಕುತ್ತದೆ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವುದರಿಂದ ಗಂಡುಗಳನ್ನು ಎಷ್ಟು ಹೊಡೆದರೂ ಮುಂದಿನ ವರ್ಷದ ಮರಿಗಳು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಹಿಂಡಿನ ಗಾತ್ರವನ್ನು ನಿರ್ಧರಿಸುವುದು ಹೆಣ್ಣುಗಳ ಸಂಖ್ಯೆಯೇ.

ಈ ಲೆಕ್ಕವನ್ನು ಒಪ್ಪಿಕೊಳ್ಳುವುದು ಇಲ್ಲಿಯ ಬೇಟೆಗಾರರಿಗೆ ಎಂದೂ ಸುಲಭವಾಗಿಲ್ಲ. 1943ರಲ್ಲಿ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಸದಸ್ಯರಾಗಿದ್ದ ರಾಜ್ಯದ ಸಂರಕ್ಷಣಾ ಆಯೋಗವು ಕೊಂಬಿಲ್ಲದ ಜಿಂಕೆಗಳನ್ನು, ಅಂದರೆ ಹೆಣ್ಣು ಮತ್ತು ಮರಿಗಳನ್ನು, ಹೊಡೆಯಲು ಅವಕಾಶ ಕೊಟ್ಟಾಗ ಜನ ಅದನ್ನು '43ರ ಅಪರಾಧ' ಎಂದು ಹಳಿದರು. ಕೊಂಬಿಲ್ಲದ ಒಂದನ್ನು ಹೊಡೆದ ಮೇಲಷ್ಟೇ ಕೊಂಬಿನ ಗಂಡನ್ನು ಹೊಡೆಯಬಹುದೆಂಬ ನಿಯಮ 1996ರಲ್ಲಿ ಬಂತು. ಬೈಗುಳ ತಡೆಯಲಾರದೆ ಶಾಸನಸಭೆ ಅದನ್ನು 2011ರಲ್ಲಿ ರದ್ದುಪಡಿಸಿತು. ಗೋಡೆಗೆ ತೂಗುಹಾಕಲು ಕೊಂಬು ಬೇಕು, ಹಿಂಡು ಮಾತ್ರ ತಾನಾಗಿಯೇ ಹದದಲ್ಲಿರಬೇಕು ಎಂಬ ಆಸೆ ದೊಡ್ಡವರದು.

ಮಕ್ಕಳ ಬೇಟೆಯ ವಿಷಯದಲ್ಲಿ ನನ್ನ ತಕರಾರು ಇರುವುದು ಇಲ್ಲಿಯೇ. ಈ ಎರಡು ದಿನ ಗಂಡು, ಹೆಣ್ಣು ಯಾವುದನ್ನಾದರೂ ಹೊಡೆಯಬಹುದು. ಮಗುವಿನ ಜೊತೆಗಿರುವ ದೊಡ್ಡವರು ಬಂದೂಕಿನಿಂದ ಜಿಂಕೆ ಹೊಡೆಯುವಂತಿಲ್ಲ. ನವೆಂಬರಿನ ಒಂಬತ್ತು ದಿನಗಳ ದೊಡ್ಡ ಬೇಟೆ ಆರಂಭವಾಗುವ ಮೊದಲು, ಇನ್ನೂ ಬೆದರದ ಗಂಡುಗಳು ಸುಲಭವಾಗಿ ಕಣ್ಣಿಗೆ ಬೀಳುವ ಸಮಯವಿದು. ಹಾಗಾಗಿ ಮಗುವಿನ ಬೆನ್ನ ಹಿಂದೆ ಕುಳಿತ ದೊಡ್ಡವರ ಕೊಂಬಿನ ಹಂಬಲ ಮಗುವಿನ ಬೆರಳಿಗೆ ಇಳಿಯುತ್ತದೆ.

ನಮಗೂ ಅದೇ ಆಯಿತು. ನಮ್ಮ ಮಗನನ್ನು ಕರೆದೊಯ್ದವರು ಪಕ್ಕದ ಹಾಲಿನ ಫಾರ್ಮಿನ ಯಜಮಾನರು, ನಲವತ್ತು ವರ್ಷ ಬೇಟೆಯಾಡಿದವರು. ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಜೋಳದ ಹೊಲದ ಅಂಚಿನ ಮರೆಯಲ್ಲಿ ಮೂವರೂ ಕುಳಿತಿದ್ದೆವು. ಬೆಳಕು ಹರಿಯುತ್ತಿದ್ದಂತೆ ಬಂದದ್ದು ಎಳೆಯ ಗಂಡು, ಕೊಂಬು ಗೇಣುದ್ದವೂ ಇರಲಿಲ್ಲ. ಯಜಮಾನರು ಪಿಸುದನಿಯಲ್ಲಿ "ಹೊಡಿ" ಎಂದರು. ಹುಡುಗ ನನ್ನ ಕಡೆ ನೋಡಿದ. ಹೆಣ್ಣು ಬಂದರೆ ಮಾತ್ರ ಎಂದು ಹಿಂದಿನ ರಾತ್ರಿ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ನಾನು ಈಗ ಏನೂ ಹೇಳಲಿಲ್ಲ. ಅವನು ಬೆರಳನ್ನು ಬಂದೂಕಿನ ಕುದುರೆಯಿಂದ ದೂರವೇ ಇಟ್ಟುಕೊಂಡ. ಅರ್ಧ ಗಂಟೆಯ ಮೇಲೆ ಎರಡು ಹೆಣ್ಣುಗಳು ಬಂದವು. ಒಂದೇ ಗುಂಡು. ಆಮೇಲೆ ಖಾಲಿ ತೋಟೆಯನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳುವಾಗ ಅವನ ಕೈ ನಡುಗುತ್ತಿತ್ತು, ನನ್ನದೂ ಸಹ.

ಹಿಂಡು ಹೆಚ್ಚಾಗಿರುವ ಕೌಂಟಿಗಳಲ್ಲಿ, ಅಂದರೆ ಇಲ್ಲಿಯ ಜಿಲ್ಲೆಗಳಲ್ಲಿ, ಮಕ್ಕಳ ಈ ಎರಡು ದಿನಗಳನ್ನು ಕೊಂಬಿಲ್ಲದ ಜಿಂಕೆಗೆ ಸೀಮಿತಗೊಳಿಸಬೇಕು ಎಂಬುದು ನನ್ನ ವಾದ. ಚಳಿಗಾಲ ಕಠಿಣವಾಗಿದ್ದು, ತೋಳಗಳು ಮರಳಿ ಬಂದಿರುವ ಉತ್ತರದ ಕಾಡುಗಳಿಗೆ ಈ ಮಾತು ಅನ್ವಯಿಸುವುದಿಲ್ಲ; ಅಲ್ಲಿ ಹೆಣ್ಣುಗಳನ್ನು ಉಳಿಸಿಕೊಳ್ಳಬೇಕಾದ ಕೌಂಟಿಗಳಿವೆ. ಜಿಂಕೆಗಳ ನರಮಂಡಲವನ್ನು ತಿಂದುಹಾಕುವ ಸಿಡಬ್ಲ್ಯುಡಿ ರೋಗ ವಯಸ್ಕ ಗಂಡುಗಳಲ್ಲೇ ಹೆಚ್ಚು, ಆದ್ದರಿಂದ ಗಂಡುಗಳನ್ನೇ ಹೊಡೆಯಬೇಕು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಗಂಡನ್ನು ಹೊಡೆಯಲು ಈ ನಾಡಿನಲ್ಲಿ ಯಾರನ್ನೂ ಒತ್ತಾಯಿಸಬೇಕಾಗಿಲ್ಲ, ನವೆಂಬರಿನಲ್ಲಿ ಅದಕ್ಕೆ ಜನ ಬೇಕಾದಷ್ಟಿದ್ದಾರೆ.

ವಯಸ್ಸಿನ ಮಾತನ್ನೂ ಹೇಳಲೇಬೇಕು. ದೊಡ್ಡವರ ಕೈಯಳತೆಯಲ್ಲಿದ್ದು ಬೇಟೆಯಾಡುವ ಮಕ್ಕಳಿಗೆ ಮೊದಲು ಕನಿಷ್ಠ 10 ವರ್ಷ ಆಗಿರಬೇಕಿತ್ತು. 2017ರಲ್ಲಿ ಆ ಮಿತಿಯನ್ನೇ ತೆಗೆದುಹಾಕಿದರು. ಆ ವರ್ಷದ ಬೇಟೆಗೇ ಒಂದು ವರ್ಷ ತುಂಬದ ಹತ್ತು ಕೂಸುಗಳ ಹೆಸರಿನಲ್ಲಿ ಲೈಸನ್ಸ್ ಮಾರಾಟವಾಯಿತು. ನೆನಪಿಗೆಂದು ಕೊಂಡಿರಬಹುದು ಎನ್ನುತ್ತಾರೆ. ತೊಟ್ಟಿಲಲ್ಲಿರುವ ಕೂಸಿಗೆ ಯಾರ ನೆನಪಿಗಾಗಿ ಜಿಂಕೆ ಹೊಡೆಯುವ ಅನುಮತಿಯ ಟ್ಯಾಗ್?

ಇನ್ನೊಂದು ಅನ್ಯಾಯ ಜಮೀನಿನದು. ಇಲ್ಲಿ ಕೊಂಬಿಲ್ಲದ ಜಿಂಕೆಯ ಟ್ಯಾಗುಗಳು ಖಾಸಗಿ ಜಮೀನಿಗೆ ಬೇರೆ, ಸಾರ್ವಜನಿಕ ಜಮೀನಿಗೆ ಬೇರೆ. ನಮಗೆ ನೆರೆಮನೆಯ ಯಜಮಾನರಿದ್ದರು. ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ, ಬಂದೂಕು ಹಿಡಿದ ಅಜ್ಜನಿಲ್ಲದ, ನಮ್ಮಂತೆ ಹೊರಗಿನಿಂದ ಬಂದವರ ಮಕ್ಕಳಿಗೆ ಯಾರಿದ್ದಾರೆ? ಪ್ರತಿ ಕೌಂಟಿಯ ಜಿಂಕೆ ಸಲಹಾ ಮಂಡಳಿ ಹಿಂಡು ಹೆಚ್ಚಬೇಕೇ, ಹಾಗೆಯೇ ಇರಬೇಕೇ, ತಗ್ಗಬೇಕೇ ಎಂದು ಮೂರು ವರ್ಷಕ್ಕೊಮ್ಮೆ ಶಿಫಾರಸು ಮಾಡುತ್ತದೆ. ಅದೇ ಸಭೆಯಲ್ಲಿ ಮಕ್ಕಳ ಎರಡು ದಿನಗಳಿಗೆ ಸಾರ್ವಜನಿಕ ಕಾಡಿನ ಒಂದಿಷ್ಟು ಭಾಗವನ್ನೂ, ಕಲಿಸಲು ಸಿದ್ಧರಿರುವ ಹಿರಿಯರನ್ನೂ ಗೊತ್ತುಮಾಡಲಿ.

ಮಾರನೆಯ ದಿನ ಜಿಂಕೆಯ ತಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರೋಗಪರೀಕ್ಷೆಯ ಪೆಟ್ಟಿಗೆಗೆ ಹಾಕಲು ಹೋದೆವು. 2002ರಲ್ಲಿ ಈ ರೋಗ ರಾಜ್ಯದಲ್ಲಿ ಮೊದಲು ಪತ್ತೆಯಾದ ಮೌಂಟ್ ಹೋರೆಬ್ ಸುತ್ತಿನ ಪ್ರದೇಶ ನಮಗೆ ದೂರವಲ್ಲ. ಹೊಡೆದ ಜಾಗ, ಹೆಣ್ಣೋ ಗಂಡೋ, ಅಂದಾಜು ವಯಸ್ಸು ಎಲ್ಲವನ್ನೂ ಮಗನೇ ಪೆನ್ಸಿಲಿನಲ್ಲಿ ತುಂಬಿದ. ಫಲಿತಾಂಶ ಬರುವ ತನಕ ಮಾಂಸವನ್ನು ಫ್ರೀಜರಿನಲ್ಲೇ ಇಟ್ಟಿದ್ದೆವು; ರೋಗವಿಲ್ಲವೆಂದು ಗೊತ್ತಾದ ಮೇಲೆ ಅರ್ಧವನ್ನು ಯಜಮಾನರ ಮನೆಗೆ ಕೊಟ್ಟೆವು.

ಬೇಟೆಯ ನಿಯಮಗಳ ಕುರಿತು ಏಪ್ರಿಲ್ ತಿಂಗಳಲ್ಲಿ ಪ್ರತಿ ಕೌಂಟಿಯಲ್ಲೂ ನಡೆಯುವ ಸಾರ್ವಜನಿಕ ಸಭೆಗೆ ಯಾವ ನಾಗರಿಕನಾದರೂ ಠರಾವು ಸಲ್ಲಿಸಬಹುದು. ನನ್ನದನ್ನು ಬರೆದಿಟ್ಟಿದ್ದೇನೆ. ಇದೇ ಕೌಂಟಿಯಲ್ಲಿರುವ ಕನ್ನಡಿಗರು, ಮಾಂಸ ತಿನ್ನುವವರಾಗಲಿ ತಿನ್ನದವರಾಗಲಿ, ಬಂದು ಓದಿ ನೋಡಿ, ಸರಿಯೆನಿಸಿದರೆ ಮತ ಹಾಕಿ.