ಹೊಳೆನರಸೀಪುರಕ್ಕೆ ನೆಗೆಟಿವ್

ನಮ್ಮಪ್ಪ ನನಗೆ ಆಸ್ತಿ ಅಂತ ಬಿಟ್ಟುಹೋದದ್ದು ಎರಡೇ. ಒಂದು ಉದ್ದನೆಯ ಮೂಗು, ಇನ್ನೊಂದು ಉದ್ದನೆಯ ಊರು. ಎರಡೂ ಒಟ್ಟಿಗೇ ಪರೀಕ್ಷೆಗೆ ಬಿದ್ದದ್ದು 2021ರ ಡಿಸೆಂಬರಿನಲ್ಲಿ.

ಊರು ಹೊಳೆನರಸೀಪುರ. ಇಲ್ಲಿ ಅದು ನನ್ನ ಹೆಸರಿನ ಮುಂದೆ ಬರೀ ಒಂದು ‘ಎಚ್’ ಆಗಿ ತೆಪ್ಪಗೆ ಕೂತಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದರು, ಬರೆದೆ. ಸರ್‌ನೇಮ್ ಜಾಗದಲ್ಲಿ ಇಂಗ್ಲಿಷಿನ 14 ಅಕ್ಷರ ಹರಡಿಕೊಂಡು ಊರಿಗೆ ಊರೇ ಬಂದು ಕೂತಿತು.

ಮಗಳನ್ನು ನೋಡಿಕೊಂಡು ಲಂಡನ್ನಿನಿಂದ ಹೊರಡುವ ಹೊತ್ತಿಗೆ ಸರಿಯಾಗಿ ಕೊರೊನಾದ ಹೊಸ ತಳಿ ಒಮಿಕ್ರಾನ್ ವಕ್ಕರಿಸಿತು. ಡಿಸೆಂಬರ್ 1ರಿಂದ ಭಾರತಕ್ಕೆ ಬರುವವರಿಗೆ ಹೊಸ ನಿಯಮ. ಅಪಾಯದ ದೇಶಗಳ ಪಟ್ಟಿಯಲ್ಲಿ ಬ್ರಿಟನ್ನೂ ಇತ್ತು. ಹೊರಡುವ ಮುಂಚಿನ 72 ಗಂಟೆಯೊಳಗೆ ಒಂದು ಆರ್‌ಟಿ-ಪಿಸಿಆರ್, ಇಳಿದ ಕೂಡಲೇ ಸ್ವಂತ ಖರ್ಚಿನಲ್ಲಿ ಇನ್ನೊಂದು, 7 ದಿನ ಮನೆಯಲ್ಲೇ ಕ್ವಾರಂಟೈನ್, 8ನೇ ದಿನ ಮತ್ತೊಂದು. ಮರುದಿನವೇ ಸುದ್ದಿ ಬಂತು: ದೇಶದ ಮೊದಲ 2 ಒಮಿಕ್ರಾನ್ ಕೇಸು ಬೆಂಗಳೂರಿನಲ್ಲೇ ಪತ್ತೆ. ಅದರಲ್ಲೊಬ್ಬರು ವಿದೇಶಕ್ಕೆ ಹೋಗಿಬಂದವರೇ ಅಲ್ಲವಂತೆ. ನಾನು ಹೊತ್ತು ತರುತ್ತೇನೆಂದು ಅಲ್ಲಿ ಕಾಯುತ್ತಿದ್ದರೆ, ಅದು ನನಗಿಂತ ಮೊದಲೇ ಮನೆ ಸೇರಿ ಕಾಲು ತೊಳೆದುಕೊಂಡಿತ್ತು.

ವಿಮಾನ ಶನಿವಾರ ಮಧ್ಯಾಹ್ನ 1ಕ್ಕೆ. 72 ಗಂಟೆ ಹಿಂದಕ್ಕೆ ಎಣಿಸಿದರೆ ಬುಧವಾರ 1 ಗಂಟೆ. ಅದಕ್ಕಿಂತ ಮೊದಲು ಕೊಟ್ಟರೆ ರಿಪೋರ್ಟು ಹಳಸುತ್ತದೆ, ತಡವಾಗಿ ಕೊಟ್ಟರೆ ಕೈಗೆ ಬರುವ ಖಾತ್ರಿ ಇಲ್ಲ. ಮಗಳ ಮದುವೆಗೂ ಇಷ್ಟು ಬಿಗಿಯಾದ ಮುಹೂರ್ತ ಇಟ್ಟಿರಲಿಲ್ಲ. ಬೆಂಗಳೂರಿನಿಂದ ಹೆಂಡತಿ ಫೋನಿನಲ್ಲಿ, “ಬುಧವಾರ 12ರಿಂದ ಒಂದೂವರೆ ರಾಹುಕಾಲ, ಆಗ ಮಾತ್ರ ಮೂಗು ಕೊಡಬೇಡಿ” ಅಂದಳು. ಅದು ಇಲ್ಲಿಯ ರಾಹುಕಾಲವೋ ಅಲ್ಲಿಯದೋ ಎಂದು ಕೇಳಿದೆ. ಡಿಸೆಂಬರಿನ ಲಂಡನ್ನಿನಲ್ಲಿ ಸೂರ್ಯ 8 ಗಂಟೆಗೆ ಎದ್ದು 4ಕ್ಕೆಲ್ಲ ಮಲಗುತ್ತಾನೆ. ಅಷ್ಟು ಗಿಡ್ಡ ಹಗಲಿನಲ್ಲಿ ಪಾಪ ರಾಹುವಿಗಾದರೂ ಎಷ್ಟು ಸಿಕ್ಕೀತು? “ಎಲ್ಲಿಯದಾದರೇನು, ಎರಡು ಗಂಟೆ ಮೇಲೆ ಹೋಗಿ” ಎಂದು ಫೋನಿಟ್ಟಳು. ಹೋದೆ.

ಲ್ಯಾಬಿನ ಹುಡುಗಿ ಫಾರಂ ನೋಡಿ, ತುಟಿ ಅಲುಗಿಸಿ, “ಮಿಸ್ಟರ್ ಹೋಲಿ?” ಅಂದಳು. ಹೌದೆಂದೆ. ಕಡ್ಡಿ ಒಳಗೆ ಹೋಗಲು ಶುರುವಾಯಿತು. ಇಷ್ಟು ಸಾಕು ಅಂದುಕೊಂಡ ಜಾಗ ದಾಟಿ, ಇನ್ನು ಮುಂದೆ ನನ್ನದಲ್ಲ ಅನ್ನಿಸುವ ಜಾಗಕ್ಕೂ ಹೋಗಿ, ಅಲ್ಲಿ ಒಗ್ಗರಣೆ ಸೌಟಿನ ಹಾಗೆ ಎರಡು ಸುತ್ತು ತಿರುಗಿತು. ಎಡಗಣ್ಣಿನಿಂದ ಮಾತ್ರ ನೀರು ಬಂತು. ಆಮೇಲೆ ಬಂತು ನೋಡಿ ಸೀನು! ಹುಡುಗಿ ಎರಡು ಹೆಜ್ಜೆ ಹಿಂದೆ ಹಾರಿದಳು, ಕಡ್ಡಿ ನನ್ನ ಮೂಗಿನಲ್ಲೇ ಊದಿನಕಡ್ಡಿಯಂತೆ ನಿಂತಿತ್ತು. ಸಾರಿ ಹೇಳಲು ಬಾಯಿ ತೆರೆದೆ, ಅದೂ ಅಲ್ಲಾಡಿತು.

ಶುಕ್ರವಾರ ಸಂಜೆ ರಿಪೋರ್ಟ್ ಬಂತು. ನನ್ನ ಹೆಸರಿನ ಸುಳಿವೇ ಇಲ್ಲ. ‘ಹೊಳೆನರಸೀಪುರ: ನೆಗೆಟಿವ್’ ಅಂತಷ್ಟೇ. ಹೇಮಾವತಿ ದಂಡೆಯ ಒಂದಿಡೀ ತಾಲ್ಲೂಕು ಕೇಂದ್ರಕ್ಕೆ ಸೋಂಕಿಲ್ಲವೆಂದು ಲಂಡನ್ನಿನ ಲ್ಯಾಬೊಂದು ನನ್ನೊಬ್ಬನ ಮೂಗಿನ ಆಧಾರದ ಮೇಲೆ ಘೋಷಿಸಿತ್ತು. ಪುಣ್ಯಕ್ಕೆ ಪಾಸ್‌ಪೋರ್ಟ್ ನಂಬರ್ ಸರಿ ಇತ್ತು. ಇನ್ನು ಅದನ್ನು ಪೋರ್ಟಲ್‌ಗೆ ಏರಿಸಬೇಕು. ಮೊದಲನೇ ಸಲ ನಾನು ಏರಿಸಿದ್ದು ಮಗಳು ಬರೆದುಕೊಟ್ಟ ಚಾಕೊಲೇಟ್ ಪಟ್ಟಿ. 5 ವರ್ಷದೊಳಗಿನ ಮಕ್ಕಳಿಗೆ ಟೆಸ್ಟಿನಿಂದ ವಿನಾಯಿತಿ ಇತ್ತು. ನನ್ನ ಬುದ್ಧಿ ನೋಡಿ ನನಗೂ ಕೊಡಬಹುದಿತ್ತು.

ಬೆಂಗಳೂರಿನಲ್ಲಿ ಇಳಿದು ಮತ್ತೆ ಮೂಗು ಕೊಟ್ಟು ಕುರ್ಚಿ ಹಿಡಿದೆ. ಹೆಚ್ಚು ದುಡ್ಡಿಗೆ ಬೇಗ ಫಲಿತಾಂಶ ಬರುವ ಟೆಸ್ಟೂ ಇತ್ತು. ನಾನು ಕಡಿಮೆ ದುಡ್ಡಿನವನು. ಪಕ್ಕದಲ್ಲಿದ್ದ ಹುಡುಗನೊಬ್ಬ ಪಿಸಿಆರ್ ಅಂದರೇನೆಂದು ಬಿಡಿಸಿ ಹೇಳಿದ: ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ, ಪ್ರತಿ ಸುತ್ತಿಗೂ ವೈರಸ್ಸಿನ ತುಣುಕನ್ನು ದುಪ್ಪಟ್ಟು ಮಾಡುತ್ತಾ ಹೋಗುವುದು. ಒಂದೇ ಒಂದು ತುಣುಕಿದ್ದರೂ 30 ಸುತ್ತಿಗೆ 100 ಕೋಟಿ ದಾಟುತ್ತದಂತೆ. ಅಲ್ಲಿಯವರೆಗೆ ಆರಾಮಾಗಿದ್ದ ನನ್ನ ಗಂಟಲು ಆಗಿನಿಂದ ಕೆರೆಯತೊಡಗಿತು.

ನಿದ್ದೆಗಣ್ಣಿನಲ್ಲಿದ್ದಾಗ ಒಬ್ಬ ಪೇಪರು ಹಿಡಿದು ಬಂದು ಕೂಗಿದ: “ಹೊಳೆನರಸೀಪುರ! ಯಾರ್ರೀ ಹೊಳೆನರಸೀಪುರ?” ಥೇಟ್ ಮೆಜೆಸ್ಟಿಕ್ಕಿನ ಕಂಡಕ್ಟರು. ನಾನು ಏಳುವಷ್ಟರಲ್ಲಿ ಹಿಂದಿನ ಸಾಲಿನ ಅಜ್ಜಿಯೊಬ್ಬರು ಶಾಲು ಹೊದ್ದು, ಚೀಲ ಬಗಲಿಗೇರಿಸಿ ಎದ್ದುಬಿಟ್ಟರು. “ಚನ್ನರಾಯಪಟ್ಟಣದ ಮೇಲೆ ಹೋಗುತ್ತಾ ಏನಪ್ಪಾ?” ಬಸ್ಸಲ್ಲ, ರಿಪೋರ್ಟು ಎಂದು ತಿಳಿಸಿ ಅವರನ್ನು ಕೂರಿಸಬೇಕಾದರೆ ಸಾಕಾಯಿತು. ಅವರ ತವರು ನಮ್ಮೂರ ಕೋಟೆ ಬೀದಿಯಂತೆ. ರಿಪೋರ್ಟು ಕೈಗೆ ಬಂದ ಮೇಲೂ ಅರ್ಧ ಗಂಟೆ ಅಲ್ಲೇ ಕೂತು, ಆರಡಿ ದೂರದಿಂದಲೇ ಊರ ಕತೆ ಮಾತಾಡಿದೆವು.

ಮನೆಯಲ್ಲಿ 7 ದಿನ ಮಹಡಿಯ ಕೋಣೆ. ತಟ್ಟೆ ಬಾಗಿಲ ಹೊರಗೆ, ಬೈಗುಳ ಬಾಗಿಲ ಒಳಗೆ. 8ನೇ ದಿನ ಮನೆಗೇ ಬಂದ ಲ್ಯಾಬಿನ ಹುಡುಗ ನನ್ನ ಹೆಸರನ್ನು ಇನಿಷಿಯಲ್ ಸಮೇತ ತಪ್ಪಿಲ್ಲದೆ ಬರೆದುಕೊಂಡ. ಕಣ್ಣು ತುಂಬಿಬಂತು, ಅರ್ಧ ಕಡ್ಡಿಯಿಂದ, ಅರ್ಧ ಸಂತೋಷದಿಂದ.

ಅದು ಬರುವವರೆಗೆ ಸಮಾಧಾನವಿರಲಿ ಎಂದು ಹಿಂದಿನ ಎರಡೂ ರಿಪೋರ್ಟನ್ನು ಹೆಂಡತಿಗೆ ವಾಟ್ಸಾಪ್ ಮಾಡಿದೆ. ಕೆಳಗಿನಿಂದಲೇ ಕೂಗಿದಳು:

“ಸರಿ, ಊರಿಗೇನೂ ಇಲ್ಲ. ನಿಮ್ಮದು ಯಾವಾಗ ಬರುತ್ತೆ?”