ಮಾಷ್ಟ್ರ ಲೊಕೇಶನ್ ಆಫ್

ನಮ್ಮ ನೆರೆಮನೆಯ ಮಾಷ್ಟ್ರಿಗೆ ಇರುವುದು ಎರಡೇ ಚಿಂತೆ. ಒಂದು, ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು, ಕರ್ನಾಟಕಕ್ಕೆ ಸೇರಲಿಲ್ಲ. ಇನ್ನೊಂದು, ಫೋನಿನ ಚಾರ್ಜು ಸಂಜೆಯವರೆಗೆ ನಿಲ್ಲುವುದಿಲ್ಲ. ಮೊದಲನೆಯದಕ್ಕೆ, ರಾಜ್ಯಗಳನ್ನು ಭಾಷೆ ನೋಡಿ ಹಂಚಿದ 1956ರ ನವೆಂಬರ್ 1ರಿಂದ ಮದ್ದು ಸಿಕ್ಕಿಲ್ಲ. ಎರಡನೆಯದಕ್ಕೆ ಬದಿಯಡ್ಕದ ಮೊಬೈಲ್ ಅಂಗಡಿಯ ಹುಡುಗ ಅರ್ಧ ನಿಮಿಷದಲ್ಲಿ ಮದ್ದು ಕೊಟ್ಟ: "ಲೊಕೇಶನ್ ಆಫ್ ಮಾಡಿ ಇಡಿ ಮಾಷ್ಟ್ರೇ."

ಅಂದಿನಿಂದ ಮಾಷ್ಟ್ರಿಗೆ ಹೊಸ ಉದ್ಯೋಗ. ಕಾಲು ಗಂಟೆಗೊಮ್ಮೆ ಜೇಬಿನಿಂದ ಫೋನು ತೆಗೆಯುತ್ತಾರೆ. ಕನ್ನಡಕ ಏರಿಸುತ್ತಾರೆ. ಬಿಸಿಲಿಗೆ ಕಾಣುವುದಿಲ್ಲವೆಂದು ಪರದೆಯ ಬೆಳಕನ್ನು ಪೂರ್ತಿ ಜಾಸ್ತಿ ಮಾಡುತ್ತಾರೆ. ಲೊಕೇಶನ್ ಆಫ್ ಆಗಿಯೇ ಉಂಟೆಂದು ಖಾತ್ರಿಯಾದ ಮೇಲೆ ಫೋನು ಒಳಗೆ ಹೋಗುತ್ತದೆ, ಬೆಳಕು ಹಾಗೆಯೇ ಉಳಿಯುತ್ತದೆ. ಊಟದ ನಂತರ ಎರಡೂವರೆ ಗಂಟೆಯ ಯಕ್ಷಗಾನ, ಮೊಬೈಲ್ ಡೇಟಾದಲ್ಲಿ. ಭಾಗವತರು ಮಂಗಳ ಹಾಡುವ ಮೊದಲೇ ಫೋನು ಮಂಗಳ ಹಾಡಿರುತ್ತದೆ.

"ಕದ್ದು ಮುಚ್ಚಿ ಆನ್ ಆಗ್ತದೆ ಮಾರಾಯ ಈ ಲೊಕೇಶನ್" ಎಂದು ಅವರ ಅನುಮಾನ.

ಪಾಪ, ಫೋನಿನೊಳಗೆ ಕೂತು ಲೊಕೇಶನ್ ಹುಡುಕುವ ಜಿಪಿಎಸ್ಸಿನ ಕೆಲಸ ನೋಡಿದರೆ ಅಳು ಬರುತ್ತದೆ. ಅದು ಆಕಾಶಕ್ಕೆ ಏನನ್ನೂ ಕಳಿಸುವುದಿಲ್ಲ. 20,000 ಕಿಲೋಮೀಟರಿಗಿಂತ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಹೇಳಿದ್ದನ್ನು ಸುಮ್ನೆ ಕೇಳಿಸಿಕೊಳ್ಳುತ್ತದೆ. ಕಡಿಮೆ ಎಂದರೆ ನಾಲ್ಕು ಉಪಗ್ರಹ ಸಿಕ್ಕಿದರೆ ನೀವು ಇರುವ ಜಾಗ ಖಾತ್ರಿ. (ನಾವು ಎಲ್ಲಿಯವರೆಂದು ನಾಲ್ಕು ಜನ ಒಟ್ಟಿಗೆ ಒಪ್ಪಿದ ಉದಾಹರಣೆ ಭೂಮಿಯ ಮೇಲಂತೂ ಇಲ್ಲ.) ಯಾವ ಆ್ಯಪೂ ಕೇಳದಿದ್ದರೆ ಅದು ಸುಮ್ಮನೆ ಮಲಗಿರುತ್ತದೆ. ಸ್ವಿಚ್ ಆನ್ ಇದ್ದ ಮಾತ್ರಕ್ಕೆ ಚಾರ್ಜು ಹಾರಿಹೋಗುವುದಿಲ್ಲ. ಹೊತ್ತಲ್ಲದ ಹೊತ್ತಿಗೆ "ಈಗ ಎಲ್ಲಿ? ಈಗ ಎಲ್ಲಿ?" ಎಂದು ಕೇಳುವ ಆ್ಯಪುಗಳು ಇದ್ದರೆ ಮಾತ್ರ ಹಾರುತ್ತದೆ. ಅವುಗಳಿಗೆ 'ಬಳಸುವಾಗ ಮಾತ್ರ' ಎಂದು ಅನುಮತಿ ಕೊಟ್ಟರೆ ಸಾಕು, ಬಾಯಿ ಮುಚ್ಚುತ್ತವೆ.

ಮಾಷ್ಟ್ರ ಚಾರ್ಜನ್ನು ನಿಜವಾಗಿ ತಿನ್ನುವುದು ಯಕ್ಷಗಾನ, ಪರದೆಯ ಬೆಳಕು, ಮತ್ತೆ ನಮ್ಮ ಊರು. ಅಡಿಕೆ ತೋಟದ ತಗ್ಗಿನಲ್ಲಿ ಮನೆ, ಟವರು ಇರುವುದು ಗುಡ್ಡದ ಆಚೆ. ಸಿಗ್ನಲ್ ಸಣ್ಣದಾದಷ್ಟೂ ಫೋನು ದೊಡ್ಡ ದನಿಯಲ್ಲಿ ಕೂಗಬೇಕು. ಇಡೀ ದಿನ ಕೂಗಿ ಕೂಗಿ ಸಂಜೆಗೆ ಅದರ ಗಂಟಲು ಕಟ್ಟುತ್ತದೆ. ಉತ್ತರ ಬಾರದ ಕಡೆಗೆ ಅರ್ಜಿ ಬರೆದು ಬರೆದು ಸುಸ್ತಾಗುವುದು ಮಾಷ್ಟ್ರಿಗೂ ಗೊತ್ತಿರುವ ವಿಷಯವೇ.

ಆ್ಯಪುಗಳ ಕುತೂಹಲ ಮಾತ್ರ ಮೆಚ್ಚಬೇಕು. ಪಂಚಾಂಗದ ಆ್ಯಪು ಜಾಗ ಕೇಳಿದರೆ ಅರ್ಥ ಉಂಟು, ಊರಿಂದ ಊರಿಗೆ ಸೂರ್ಯೋದಯ ಬೇರೆ. ಆದರೆ ಟಾರ್ಚಿಗೆ ಯಾಕೆ ಬೇಕು? ಕತ್ತಲೆ ಎಲ್ಲಿದ್ದರೂ ಕತ್ತಲೆಯೇ ಅಲ್ವಾ? ಚಿನ್ನದಂಗಡಿಯ ಆ್ಯಪಿಗಂತೂ ನಾನು 'ಯಾವಾಗಲೂ' ಎಲ್ಲಿರುತ್ತೇನೆಂದು ತಿಳಿಯಬೇಕಂತೆ. ಇಷ್ಟು ಕಾಳಜಿಯಿಂದ ಹೆಂಡತಿಯೂ ಕೇಳಿದ್ದಿಲ್ಲ. ತಿಳಿದುಕೊಂಡು ಮಾಡುವುದು ಏನು? ಮಲಯಾಳದಲ್ಲಿ ಜಾಹೀರಾತು ಕಳಿಸುವುದು. ಲೊಕೇಶನ್ ಆಫ್ ಮಾಡಿದರೂ ಮಲಯಾಳದಲ್ಲೇ ಬರುತ್ತದೆ, ಇಂಟರ್ನೆಟ್ ವಿಳಾಸ ನೋಡಿ ಊರು ಅಂದಾಜು ಮಾಡುತ್ತಾರಂತೆ. ಗಡಿಯ ತಲಪಾಡಿ ದಾಟಿ ಮಂಗಳೂರು ಕಡೆ ಹೋದರೆ ಅದೇ ಬಳೆ, ಅದೇ ಹುಡುಗಿ, ಕನ್ನಡ ಮಾತಾಡುತ್ತಾಳೆ. ನಮ್ಮ ಭಾಷೆ ಯಾವುದೆಂದು ಕೇಳುವವರು ಮಾತ್ರ ಯಾರೂ ಇಲ್ಲ. ನಿಂತ ಜಾಗ ಹೇಳಿದರೆ ಭಾಷೆ ಅವರೇ ಕೊಡುತ್ತಾರೆ.

ಈಗ ಫೋನಿನಲ್ಲಿ 'ನಿಖರ', 'ಅಂದಾಜು' ಎಂದು ಎರಡು ಬಗೆ ಉಂಟು. ನಿಖರ ಎಂದರೆ ಮನೆ ಜಗಲಿಯವರೆಗೆ. ಅಂದಾಜು ಎಂದರೆ ಇಲ್ಲೇ ಎಲ್ಲೋ ಆಸುಪಾಸು. ತಲಪಾಡಿಯಲ್ಲಿ ನಿಂತು ಅಂದಾಜು ಕೊಟ್ಟರೆ ನೀವು ಎರಡೂ ರಾಜ್ಯದವರು. ಗಡಿ ತಕರಾರು ನೋಡಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ನಮ್ಮದನ್ನು ನಿಖರವಾಗಿಯೇ ಕೊಟ್ಟಿತ್ತು: ಚಂದ್ರಗಿರಿ ಹೊಳೆಯ ಉತ್ತರಕ್ಕೆ ಇರುವುದು ಕರ್ನಾಟಕಕ್ಕೆ. ಆ ಫೈಲಿನ ಚಾರ್ಜು ಯಾರು ತಿಂದರೋ. 2020ರ ಮಾರ್ಚಿನಲ್ಲಿ ಕೊರೋನಾಕ್ಕೆ ಹೆದರಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಲೋಡುಗಟ್ಟಲೆ ಮಣ್ಣು ಸುರಿದಾಗಲೇ ನಾವು ಯಾವ ಕಡೆಯವರೆಂದು ಎರಡೂ ಸರಕಾರಗಳಿಗೆ ನೆನಪಾದದ್ದು.

ಹೋದ ತಿಂಗಳು ಮಾಷ್ಟ್ರು ನೀರ್ಚಾಲಿನಲ್ಲಿ ಒಂದು ಮದುವೆಗೆ ಹೋದರು. ಬರುವಾಗ ರಿಕ್ಷಾದಲ್ಲಿ ಫೋನು ಬಿಟ್ಟು ಬಂದರು. ಫೋನು ಮಾಡಿದರೆ ಯಾರೂ ಎತ್ತುವುದಿಲ್ಲ, ಸಭಾಮಂಟಪದಲ್ಲಿ ಸೈಲೆಂಟ್ ಮಾಡಿದ್ದರಂತೆ. ನಾನು ನನ್ನ ಫೋನಿನಲ್ಲಿ ಅವರ ಫೋನು ಹುಡುಕಲು ಕೂತೆ. ಚಕ್ರ ತಿರುಗಿತು, ತಿರುಗಿತು, ಜಾಗ ಸಿಗುತ್ತಿಲ್ಲ ಎಂದಿತು.

"ಲೊಕೇಶನ್ ಆಫ್ ಉಂಟಲ್ಲ ಮಾಷ್ಟ್ರೇ" ಎಂದೆ.

"ಮತ್ತೆ? ಆನ್ ಇಟ್ರೆ ಚಾರ್ಜು ಹೋಗುದಿಲ್ವಾ?"

"ಫೋನೇ ಹೋಯ್ತಲ್ಲ."

ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ ಕೂತರು.

ರಾತ್ರಿ ಎಂಟೂವರೆಗೆ ಅಂಗಳಕ್ಕೆ ರಿಕ್ಷಾ ಬಂತು. ಡ್ರೈವರ್ ಹುಡುಗನಿಗೆ ಸೀಟಿನ ಸಂದಿಯಲ್ಲಿ ಫೋನು ಸಿಕ್ಕಿತ್ತು. ದಾರಿ ಯಾರು ಹೇಳಿದರು ಎಂದು ಕೇಳಿದೆ.

"ಎಂಥ ದಾರಿ? ಮಾಷ್ಟ್ರ ಮನೆ ಅಲ್ವಾ. ನಂಗೆ ಎರಡನೇ ಕ್ಲಾಸಿಗೆ ಕಲಿಸಿದ್ದು ಇವ್ರೇ."

ಮಾಷ್ಟ್ರು ಫೋನು ತಕ್ಕೊಂಡು ಕನ್ನಡಕ ಏರಿಸಿದರು. ಅರ್ಧ ದಿನ ಯಾರೂ ಮುಟ್ಟದೆ, ಯಕ್ಷಗಾನ ನೋಡದೆ ಬಿದ್ದಿದ್ದ ಫೋನು. ಪರದೆಯನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ನೋಡು, 71 ಪರ್ಸೆಂಟ್. ಲೊಕೇಶನ್ ಆಫ್ ಇದ್ದದ್ದಕ್ಕೇ!"