ಅಜ್ಜಿಯ ಸೀರೆಗೆ ಕತ್ತರಿ ಹಾಕುವ ಮೊದಲು

ಮೂರು ವಾರದಿಂದ ಒಂದು ಜಾಕೆಟ್ ಪ್ಯಾಟರ್ನ್, ಅಂದರೆ ಬಟ್ಟೆ ಮೇಲಿಟ್ಟು ಕತ್ತರಿಸುವ ಕಾಗದದ ಅಚ್ಚು, ಹುಡುಕುತ್ತಿದ್ದೇನೆ. ನಿನ್ನೆ ದುಡ್ಡು ಕೊಟ್ಟು ಒಂದನ್ನು ಡೌನ್‌ಲೋಡ್ ಮಾಡಿದೆ. 32 ಎ4 ಹಾಳೆ ಪ್ರಿಂಟ್ ಹಾಕಿಸಿ, ಅಂಚು ಕತ್ತರಿಸಿ, ಹಾಲ್ ತುಂಬ ಹರಡಿಕೊಂಡು ರಾತ್ರಿ ಹನ್ನೊಂದರವರೆಗೆ ಅಂಟಿಸಿದೆ. ಮೇಲೆ ದೊಡ್ಡ ಅಕ್ಷರದಲ್ಲಿ ‘ಕ್ವಿಲ್ಟೆಡ್ ಜಾಕೆಟ್’ ಎಂದಿದೆ. ಕ್ವಿಲ್ಟ್ ಅಂದರೆ ಎರಡು ಬಟ್ಟೆಯ ನಡುವೆ ಹತ್ತಿ ಇಟ್ಟು ಗೆರೆ ಗೆರೆಯಾಗಿ ಹೊಲಿಯುವುದು. ಆದರೆ ಮೊದಲು ಕ್ವಿಲ್ಟ್ ಮಾಡಿ ಆಮೇಲೆ ಕತ್ತರಿಸಬೇಕಾ, ಕತ್ತರಿಸಿದ ಮೇಲೆ ಕ್ವಿಲ್ಟ್ ಮಾಡಬೇಕಾ? ಆ ಒಂದು ಸಾಲು ಎಲ್ಲೂ ಇಲ್ಲ! ನಿಜವಾಗಿಯೂ ಸಿಟ್ಟು ಬಂದಿದೆ.

ಅಜ್ಜಿಯ ಟ್ರಂಕ್ ನನ್ನ ಪಾಲಿಗೆ ಬಂದಿದೆ. ಅದರಲ್ಲಿದ್ದ ಇಳಕಲ್ ಸೀರೆಯಿಂದಲೇ ಈ ಜಾಕೆಟ್ ಹೊಲಿಯಬೇಕು ಅಂತಿದ್ದೇನೆ. ಕೆಂಪು ಸೆರಗು ಬೆನ್ನಿಗೆ ಬರಬೇಕು. ತಪ್ಪಾಗಿ ಕತ್ತರಿಸಿದರೆ ಇನ್ನೊಂದು ಮೀಟರ್ ತರೋಣ ಅನ್ನುವ ಬಟ್ಟೆ ಅಲ್ಲ ಅದು.

ಅದಕ್ಕೇ ಮೊದಲು ಹಳೇ ಬೆಡ್‌ಶೀಟಿನಲ್ಲಿ ಹೊಲಿದು ನೋಡಿದೆ. ಮೇಲೆ ಬಟ್ಟೆ, ನಡುವೆ ತೆಳು ಹತ್ತಿ, ಕೆಳಗೆ ಲೈನಿಂಗ್. ಎರಡೆರಡು ಇಂಚಿಗೆ ಒಂದು ಗೆರೆ ಮಿಷನ್ ಹೊಲಿಗೆ. 24 ಇಂಚು ಅಗಲದ ತುಂಡು 23ಕ್ಕೆ ಬಂತು. ಪ್ರತಿ ಗೆರೆಯೂ ಬಟ್ಟೆಯನ್ನು ಸ್ವಲ್ಪ ಒಳಗೆ ಎಳೆದುಕೊಳ್ಳುತ್ತದೆ. ಪ್ಯಾಟರ್ನ್ ಪ್ರಕಾರ ಕತ್ತರಿಸಿ ಆಮೇಲೆ ಕ್ವಿಲ್ಟ್ ಮಾಡಿದ್ದರೆ ಎದೆ ಸುತ್ತಳತೆಯಲ್ಲೇ ಎರಡು ಇಂಚು ಹೋಗುತ್ತಿತ್ತು. ಅದರ ಮೇಲೆ ದಪ್ಪ ಬೇರೆ. ಬಟ್ಟೆ ಕಾಲು ಇಂಚು ದಪ್ಪ ಇದ್ದರೆ ಹೊರಸುತ್ತಿಗಿಂತ ಒಳಸುತ್ತು ಸುಮಾರು ಒಂದೂವರೆ ಇಂಚು ಕಡಿಮೆ. ಸಾದಾ ಕಾಟನ್ ಜಾಕೆಟ್ಟಿನ ಅಳತೆ ಇಲ್ಲಿ ನಡೆಯುವುದೇ ಇಲ್ಲ. ತೋಳು ಕೂರಿಸುವ ಕಡೆಯಂತೂ ಆರು ಪದರ ಒಟ್ಟಿಗೆ ಬರುತ್ತವೆ. ಮಾರ್ಜಿನ್‌ನೊಳಗಿನ (ಹೊಲಿಗೆಯಾಚೆ ಬಿಟ್ಟ ಅಂಚಿನ) ಹತ್ತಿ ಕತ್ತರಿಸಿ ತೆಗೆದು, ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ ಪಟ್ಟಿ) ಹಾಕಿ ಮುಚ್ಚಬೇಕು. ಅದನ್ನಾದರೂ ಹೇಳಬಹುದಿತ್ತು, ಅಲ್ವಾ? ಮೇಲಿನ ಪದರ ಜರುಗದ ಹಾಗೆ ವಾಕಿಂಗ್ ಫುಟ್ (ಮೇಲಿನ ಪದರವನ್ನೂ ಜೊತೆಗೇ ಮುಂದಕ್ಕೆ ಎಳೆಯುವ ಮಿಷನ್ ಪಾದ) ಹಾಕಿಕೊಳ್ಳಿ ಅಂತಲೂ ಇಲ್ಲ.

ಅಮೆರಿಕದಲ್ಲಿ ಬಟರಿಕ್ ಎಂಬ ದರ್ಜಿ ಬೇರೆ ಬೇರೆ ಸೈಜಿನ ಕಾಗದದ ಪ್ಯಾಟರ್ನ್ ಮಾರಲು ಶುರು ಮಾಡಿದ್ದು 1863ರಲ್ಲಿ. ನೂರಾ ಅರವತ್ತು ವರ್ಷ ದಾಟಿದ ಕೆಲಸ ಇದು. ಇವತ್ತೂ ಸಾದಾ ಜಾಕೆಟ್ಟಿನ ಪ್ಯಾಟರ್ನಿಗೆ ಕ್ವಿಲ್ಟೆಡ್ ಅಂತ ಹೆಸರು ಹಾಕಿ ಮಾರುವುದು ಮೋಸ.

ಅತ್ತಿಗೆ ಹೇಳಿದರು, "ಪ್ಯಾಟರ್ನ್ ಯಾಕೆ? ನಮ್ಮ ಟೈಲರ್ ಬಟ್ಟೆ ಮೇಲೇ ಚಾಕ್‌ಪೀಸಲ್ಲಿ ಗೆರೆ ಎಳೆದು ಕತ್ತರಿಸ್ತಾರೆ." ಬ್ಲೌಸಿಗೆ ಸರಿ. ಸಾವಿರ ಬ್ಲೌಸ್ ಕತ್ತರಿಸಿದ ಕೈ ಅದು. ಆದರೆ ಮೂರು ಪದರದ ಬಟ್ಟೆ ಎಷ್ಟು ಕುಗ್ಗುತ್ತದೆ ಅಂತ ಆ ಟೈಲರನ್ನೇ ಕೇಳಿದೆ. "ಹೊಲಿದ ಮೇಲೆ ನೋಡೋಣ ಮೇಡಂ" ಅಂದರು. ಅಜ್ಜಿಯ ಸೀರೆ ಕೊಟ್ಟು ನಾನು ಹೊಲಿದ ಮೇಲೆ ನೋಡಲಾರೆ.

ಅಜ್ಜಿ ಕೌದಿ (ಹಳೇ ಬಟ್ಟೆಗಳನ್ನು ಪದರವಾಗಿ ಸೇರಿಸಿ ಹೊಲಿದ ಹೊದಿಕೆ) ಹೊಲಿಯುತ್ತಿದ್ದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬಂದು ಕೌದಿ ಮುಗಿಸುತ್ತಾರೆ. ಯಾವ ಕಾಗದವೂ ಬೇಡ. ಕೌದಿ ಒಂದು ಇಂಚು ಕುಗ್ಗಿದರೆ ಹೊದ್ದವರಿಗೆ ಗೊತ್ತೇ ಆಗುವುದಿಲ್ಲ. ಜಾಕೆಟ್ ಕುಗ್ಗಿದರೆ ಗುಂಡಿ ಹಾಕಲು ಆಗುವುದಿಲ್ಲ. ಆದರೂ ಬಟ್ಟೆ ಹೇಗೆ ಎಳೆದುಕೊಳ್ಳುತ್ತದೆ ಅನ್ನುವುದು ಅಜ್ಜಿಯ ಬೆರಳಿಗೆ ಗೊತ್ತಿತ್ತು. "ಬಾ, ಕೂಡು, ಒಂದು ಸಾಲು ಹಾಕು" ಅಂತ ಎಷ್ಟು ಸಲ ಕರೆದಿದ್ದರು. ಪರೀಕ್ಷೆ ಇದೆ ಅಂತ ಎದ್ದು ಹೋಗುತ್ತಿದ್ದೆ. ನಿನ್ನೆ ರಾತ್ರಿ ಆ ಹಾಳೆಗಳ ಮಧ್ಯೆ ಕೂತು ಅದೇ ನೆನಪಾಗಿ ಅತ್ತುಬಿಟ್ಟೆ.

ಸೀರೆ ಮತ್ತೆ ಟ್ರಂಕಿಗೆ ಹೋಗಿದೆ. ಕ್ವಿಲ್ಟ್ ಮಾಡಿದ ಬಟ್ಟೆಗೆಂದೇ ಬಿಡಿಸಿದ, ನೀವೇ ಹೊಲಿದು ಹಾಕಿಕೊಂಡ ಪ್ಯಾಟರ್ನ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ. ನನ್ನ ಎದೆ ಸುತ್ತಳತೆ 40, ಒಳಗೆ ಸ್ವೆಟರ್ ಹಾಕುವಷ್ಟು ಲೂಸ್ ಬೇಕು. ತೋಳು ಕೂರಿಸಿದ ಜಾಗದ ಒಳಬದಿಯ ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು.